‘ಆಗಲಿಲ್ಲ’ ಎನ್ನಲು ಬೆಟ್ಟ ಹತ್ತಿದವರು

ಪಾಲಮಲೆ
12-9-1994

ಪ್ರೀತಿಯ ಮಾಲತಕ್ಕನಿಗೆ,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಬರೆಯಲಾರೆ. ನಮ್ಮ ಎಂ.ಎಲ್.ಎ. ಅಣ್ಣಯ್ಯಪ್ಪನವರು ತೀರಿಹೋದಾಗಿನಿಂದ ಅಪ್ಪ ಸರಿಯಾಗಿ ಉಂಡಿಲ್ಲ. ನನ್ನ ಜೊತೆ ಮಾತೂ ಬಿಟ್ಟಿದ್ದಾನೆ.

ಮೊದಲು ನಿನ್ನ ಪ್ರಶ್ನೆಗೆ ಉತ್ತರ. ಬೆಟ್ಟಕ್ಕೆ ರಸ್ತೆ ಆಗಿಲ್ಲ. ಪೇಪರಿನಲ್ಲಿ ಬಂದದ್ದು ಸುಳ್ಳು. ಅದನ್ನು ಓದಿ ಮಾದೇಶ್ ಬಾವ ನಿನ್ನನ್ನು ಹೆರಿಗೆಗೆ ಜೀಪಿನಲ್ಲಿ ಕಳಿಸುತ್ತೇನೆ ಎಂದರಂತಲ್ಲ, ಬೇಡ ಎನ್ನು. ಆ ಸುಳ್ಳು ಹೇಳಿದವನು ನಮ್ಮ ಅಪ್ಪನೇ.

ಅಣ್ಣಯ್ಯಪ್ಪನವರು ವರ್ಷಕ್ಕೊಮ್ಮೆ ಕೆಳಗೆ ಕಾರು ಬಿಟ್ಟು ನಡೆದೇ ಬರುತ್ತಿದ್ದುದು ನಿನಗೆ ನೆನಪಿರಬೇಕು. ಜಗಲಿಯ ಮೇಲೆ ಕೂತು ಅಂಬಲಿ ಕುಡಿದು, “ಈ ಸತಿನೂ ರೋಡ್ ಆಗ್ನಿಲ್ಲ ಕಣ್ರಪ್ಪ” ಎನ್ನುತ್ತಿದ್ದರು. ಅದನ್ನು ಹೇಳಲು ಇಷ್ಟು ದೂರ ಹತ್ತಬೇಕಿತ್ತಾ ಎಂದು ಅವ್ವ ಗೇಲಿ ಮಾಡಿದರೆ, “ವೋಟ್ ಕೇಳಕ್ಕೆ ನಾನೇ ಬಂದಿದ್ನಲ್ಲ ಯಲ್ಲಮ್ಮ” ಎಂದು ನಗುತ್ತಿದ್ದರು.

ಈ ಸಲ ಬರುವಾಗ ಅರ್ಧ ಬೆಟ್ಟದಲ್ಲಿ ಎದೆ ಹಿಡಿದುಕೊಂಡು ಕುಸಿದರು. ಕುರಿ ಮೇಯಿಸುತ್ತಿದ್ದ ಅಪ್ಪ ಓಡಿಹೋಗಿ ಅವರನ್ನು ಬಂಡೆಗೆ ಒರಗಿಸಿ, ಅಲ್ಲಿಂದಲೇ ತಿಮ್ಮಪ್ಪ ಮಾವನನ್ನು ಕೂಗಿದ. ಮಾವ ಬರುವ ತನಕ ಅವರ ಪಕ್ಕದಲ್ಲಿದ್ದವನು ಅಪ್ಪ ಒಬ್ಬನೇ. ಆಮೇಲೆ ಕಂಬಳಿಯನ್ನು ಬಡಿಗೆಗೆ ಕಟ್ಟಿ ಡೋಲಿ ಮಾಡಿ ಇಬ್ಬರೂ ಹೊತ್ತರು. ಕಾಯಿಲೆಯವರನ್ನು ನಮ್ಮಲ್ಲಿ ಬೆಟ್ಟ ನೋಡುವ ಹಾಗೆ ಮಲಗಿಸಿ ಇಳಿಸುತ್ತೇವೆ, ತಿರುಗಿ ಬರಲಿ ಎಂದು. ಜೀವ ಹೋದರೆ ಮುಖ ಕೆಳಗೆ ತಿರುಗಿಸುತ್ತೇವೆ. ದಾರಿಯಲ್ಲೇ ಅವರ ಉಸಿರು ನಿಂತಿತು. ತಿರುಗಿಸೋಣ ಎಂದು ಮಾವ ಎಷ್ಟು ಹೇಳಿದರೂ ಅಪ್ಪ ಬಿಡಲಿಲ್ಲ. ಬೆಟ್ಟ ನೋಡುತ್ತಲೇ ಅವರು ಇಳಿದರು.

ಕೆಳಗೆ ಪೇಪರಿನವರು ಕೇಳಿದಾಗ ಅಪ್ಪ ಅಳುತ್ತಾ, “ನಮ್ಗೆ ರೋಡ್ ಕೊಟ್ಟ ಪುಣ್ಯಾತ್ಮ” ಎಂದುಬಿಟ್ಟ. ಮಾರನೆಯ ದಿನ ಅದೇ ಅಚ್ಚಾಯಿತು.

ಭಾನುವಾರ ಕೆಳಗೆ ಕೊಳತ್ತೂರಿನಲ್ಲಿ ಅವರಿಗೆ ಶ್ರದ್ಧಾಂಜಲಿ ಸಭೆ ಇತ್ತು. ಪಾರ್ಟಿಯ ಪೊನ್ನುಸ್ವಾಮಿ ನನ್ನನ್ನು ಕರೆದು, ಬೆಟ್ಟದವರ ಪರವಾಗಿ ರೋಡಿಗೆ ‘ನನ್ರಿ’ ಎಂದು ತಮಿಳಿನಲ್ಲಿ ಧನ್ಯವಾದ ಹೇಳಿ ವೇದಿಕೆ ಇಳಿದುಬಿಡು ಎಂದ. ನನಗೆ ನಿನ್ನ ಹೊಟ್ಟೆ ಕಣ್ಣೆದುರು ಬಂತು. ಇಲ್ಲದ ರೋಡಿಗೆ ನಾವೇ ಧನ್ಯವಾದ ಹೇಳಿದರೆ ಇನ್ನು ಅದನ್ನು ಹಾಕುವವರು ಯಾರು?

ಮೈಕಿನ ಮುಂದೆ ನಿಂತು ಹೇಳಿದೆ, “ರೋಡ್ ಇಲ್ಲ. ವೋಟ್ ಕೇಳಕ್ಕೆ ಎಲ್ಲಾರೂ ಬತ್ತಾರೆ. ಆಗ್ನಿಲ್ಲ ಅನ್ನಕ್ಕೆ ಬೆಟ್ಟ ಅತ್ತಿ ಬಂದೋರು ಇವರೊಬ್ರೇ. ಅದಕ್ಕೇ ನಾವು ಅಳ್ತಾ ಇರೋದು.”

ಪೊನ್ನುಸ್ವಾಮಿ ಮೈಕು ಕಿತ್ತುಕೊಂಡು, “ಏ ಹುಡುಗಿ, ಎಂಟನೇ ಕ್ಲಾಸ್ ಫೇಲು ನೀನು!” ಎಂದ.

“ಫೇಲಲ್ಲ, ನಾನೇ ಬುಟ್ಟೆ” ಎಂದೆ. ಯಾರೋ ನಕ್ಕರು. ಅಪ್ಪ ಮಾತ್ರ ಎದ್ದು ಹೊರಟ. ಹಿಂದೆಯೇ ಓಡಿದ ನನ್ನ ಕಡೆ ತಿರುಗಿ, “ಸತ್ತೋರಿಗೆ ಒಂದು ರೋಡ್ ಕೊಟ್ಟಿದ್ರೆ ನಿನ್ ಗಂಟೇನ್ ಓಗ್ತಿತ್ತು ಲೇ?” ಎಂದ. ಅದೇ ಕೊನೆಯ ಮಾತು.

ತಪ್ಪು ಮಾಡಿದೆ ಎಂದು ನನಗೆ ಅನ್ನಿಸುತ್ತಿಲ್ಲ. ಆದರೆ ಅಪ್ಪ ಗೋಡೆ ಕಡೆ ತಿರುಗಿ ಮಲಗುವುದನ್ನು ನೋಡಲಾಗುತ್ತಿಲ್ಲ.

ನೀನು ಕಡಯಂಪಟ್ಟಿಯಲ್ಲಿ ಗಂಡನ ಮನೆಯಲ್ಲೇ ಇರು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಎಂದು ಅವ್ವ ಹಟ ಹಿಡಿದಿದ್ದಾಳೆ. ಅವಳನ್ನೇ ಬೆಟ್ಟ ಇಳಿಸಿಕೊಂಡು ನಿನ್ನಲ್ಲಿಗೆ ಬರುತ್ತೇನೆ.

ನಿನ್ನ ಜಗಳಗಂಟಿ ತಂಗಿ,
ಸಂಗೀತಾ

ಕೊನೆಗೊಂದು ಮಾತು: ಕಾಗದ ಮಡಿಸುವಾಗ ಅಪ್ಪ ಬಂದು ಓದು ಎಂದ. ಓದಿದೆ. ಆಮೇಲೆ ಮಾತಾಡಿದ. ಬಂಡೆಗೆ ಒರಗಿದ್ದಾಗ ಅಣ್ಣಯ್ಯಪ್ಪನವರು, “ಗೋವಿಂದಪ್ಪ, ಕೆಳಕ್ ಬ್ಯಾಡ, ನನ್ನ ಮ್ಯಾಲಕ್ ಒತ್ಕೊಂಡ್ ಓಗು. ಈ ಸತಿನೂ ಆಗ್ನಿಲ್ಲ ಅಂತ ನಾನೇ ಯೋಳ್ಬೇಕು” ಎಂದಿದ್ದರಂತೆ. “ಆಸ್ಪತ್ರೆ ಕೆಳಗೈತೆ ಅಂತ ಇಳಿಸ್ಬುಟ್ಟೆ ಕಣವ್ವ” ಎಂದು ಅಪ್ಪ ನನ್ನ ಹೆಗಲು ಹಿಡಿದುಕೊಂಡು ಅತ್ತ.