ಕಾಗದದ ಅಂಗೈ

ಮಾರ್ಚ್ ೩, ಬೆಳಿಗ್ಗೆ ೧೧

…ಅಳೆಯುವ ಕೈ ನಿನ್ನದಲ್ಲ — ಹೀಗೇನೋ ಅನ್ನುತ್ತಿದ್ದರು ನಮ್ಮ ಹಳೆಯ ಹೆಡ್ ಸಿಸ್ಟರ್. ಮುಂದಿನದು ಮರೆತಿದೆ. ಸುಟ್ಟುಕೊಂಡವರದೇ ಅಂಗೈ, ಬೆರಳು ಸೇರಿಸಿ, ಅವರ ಮೈಯ ನೂರರಲ್ಲೊಂದು ಪಾಲು. ದೊಡ್ಡವರಿಗೂ ಅಷ್ಟೆ, ಮಕ್ಕಳಿಗೂ ಅಷ್ಟೆ.

ಇವತ್ತು ನಾಲ್ಕು ವರ್ಷದ ಹುಡುಗಿ. ಎದೆ, ತೋಳಿನ ಮೇಲೆ ಕುದಿನೀರು. ಜೂನಿಯರ್ ಹದಿನಾಲ್ಕು ಪರ್ಸೆಂಟ್ ಅಂತ ಬರೆದಿದ್ದ. ದೊಡ್ಡವರಿಗಾದರೆ ಹದಿನೈದರ ತನಕ ಕಾಯಬಹುದು. ಮಕ್ಕಳಿಗೆ ಹತ್ತು ದಾಟಿದರೆ ಡ್ರಿಪ್, ದೊಡ್ಡ ಆಸ್ಪತ್ರೆ, ಮೂರು ಗಂಟೆ ಆಂಬ್ಯುಲೆನ್ಸ್. ತಾಯಿಯ ತೋಳಲ್ಲಿ ಹಸುಗೂಸು. "ಇದನ್ನ ಬಿಟ್ಟು ಹೋಗ್ಲಾ, ಅದೊಂದನ್ನೇ ಕಳಿಸ್ಲಾ, ನೀವೇ ಹೇಳಿ," ಅಂದಳು.

ನೋವಿನ ಔಷಧಿ ಹತ್ತಿದ ಮೇಲೆ ಹುಡುಗಿಯ ಅಂಗೈಯನ್ನು ಕಾಗದದ ಮೇಲಿಟ್ಟು ಗೆರೆ ಎಳೆದು ಕತ್ತರಿಸಿದೆ. ಗುಳ್ಳೆ ಎದ್ದದ್ದು, ಚರ್ಮ ಸುಲಿದದ್ದು ಮಾತ್ರ ಲೆಕ್ಕಕ್ಕೆ. ಬರೀ ಕೆಂಪಗಾದದ್ದನ್ನು ಬಿಟ್ಟೆ. ಕಾಗದದ ಕೈಯಿಟ್ಟು ಎಣಿಸಿದರೆ ಬಂದ ಪರ್ಸೆಂಟ್ ಏಳು.

"ಕೆಂಪೂ ಸುಟ್ಟಿದ್ದೇ ಅಲ್ವಾ ಸಾರ್?" ಅಂದ ಜೂನಿಯರ್.

"ನಾಚಿಕೊಂಡ್ರೂ ಮುಖ ಕೆಂಪಾಗುತ್ತಪ್ಪಾ. ಅದನ್ನೂ ಬರೀತೀಯಾ?"

ಇಲ್ಲೇ ಇರಲಿ, ಅಂದೆ. ದನಿ ಗಟ್ಟಿಯಾಗಿತ್ತು. ಒಳಗೆ ಅಷ್ಟಿಲ್ಲ. ಎಣಿಕೆ ತಪ್ಪಿದ್ದರೆ ಮೈಯ ನೀರು ಇಂಗುತ್ತದೆ, ಮೂತ್ರ ನಿಲ್ಲುತ್ತದೆ. ಕುಡಿಸುತ್ತಿರಿ ಅಂತ ಹೇಳಿ ಬಂದೆ.

ಸಂಜೆ ೪

ಮೂರು ಲೋಟ ಜ್ಯೂಸ್ ಒಳಗೆ ಹೋಗಿದೆ. ಮೂತ್ರ ಇನ್ನೂ ಇಲ್ಲ. ಆಂಬ್ಯುಲೆನ್ಸ್ ಕರೆಯಲು ಫೋನಿನತ್ತ ಎರಡು ಸಲ ಕೈ ಹೋಯಿತು…

೪.೨೦

ಕಾರಿಡಾರಿನಿಂದಲೇ ನರ್ಸ್: "ಸಾರ್, ಹಾಸಿಗೆ ಒದ್ದೆ."

"ಎಷ್ಟು?"

"ಕೆರೆ ಕೋಡಿ ಬಿದ್ದ ಹಾಗಿದೆ, ಬನ್ನಿ."

ತಾಯಿ ಹುಡುಗಿಯನ್ನು ಗದರಲು ಬಾಯಿ ತೆರೆದಿದ್ದಳು. ನಾವು ಮೂವರೂ ಹಲ್ಲು ಬಿಟ್ಟುಕೊಂಡು ನಿಂತದ್ದು ನೋಡಿ ನಿಲ್ಲಿಸಿದಳು. "ನಮ್ಮನೇಲಿ ಇದಕ್ಕೆ ಏಟು ಬೀಳುತ್ತೆ." ಜೂನಿಯರ್ ತಾನೇ ಬೆಡ್‌ಶೀಟ್ ಎತ್ತಿ, ಮೂತ್ರದ ಅಳತೆ ಸಿಗಲಿ ಅಂತ ತೂಕಕ್ಕೆ ಹಾಕಿ, ಪರೀಕ್ಷೆ ಪಾಸಾದವನ ಹಾಗೆ ಬರೆದುಕೊಂಡ.

ಮಾರ್ಚ್ ೪

ಕೆಂಪು ಇಳಿದಿದೆ. ಏಳು ಏಳಾಗಿಯೇ ಉಳಿದಿದೆ.

ಮಾರ್ಚ್ ೧೬

ಚರ್ಮ ಕೂಡಿದೆ. ಹೊರಡುವ ಮುಂಚೆ ಹುಡುಗಿ ಕಾಗದದ ಕೈ ಹಿಡಿದು ವಾರ್ಡನ್ನೆಲ್ಲ ಅಳೆದಳು. ಕಿಟಕಿ ನಲವತ್ತು. ಜೂನಿಯರ್‌ನ ಕಿವಿ ಅರ್ಧ. ನನ್ನ ಹೊಟ್ಟೆ ಹನ್ನೊಂದು.

"ಹತ್ತು ದಾಟ್ತು ಸಾರ್. ದೊಡ್ಡಾಸ್ಪತ್ರೆಗೆ ಕಳಿಸ್ಬೇಕು," ಅಂದ ಜೂನಿಯರ್. ಕಲಿತಿದ್ದಾನೆ.

ಕಾಗದ ನನ್ನ ಜೇಬಲ್ಲಿ ತುರುಕಿ ಹೋದಳು.

ಫೆಬ್ರುವರಿ ೯

ಆ ಕಾಗದದ ಕೈ ಈ ಪುಟಗಳ ನಡುವೆ ಸಿಕ್ಕಿತು, ಹೆಬ್ಬೆರಳು ಮಡಿಚಿಕೊಂಡು. ನನ್ನ ಅಂಗೈ ಮೇಲಿಟ್ಟುಕೊಂಡೆ. ವರ್ಷವಾಗುತ್ತ ಬಂತು. ನಿನ್ನ ಕೈ ಈಗ ಇದರಾಚೆ ಬೆಳೆದಿರಬೇಕು. ಅಲ್ಲಿ ನಿಮ್ಮ ಮನೆಯಲ್ಲಿ ಏನೇನು ಅಳೆಯುತ್ತಿದ್ದೀಯೇ, ಮರಿ —