ತಟ್ಟೆ ಬಿಟ್ಟ ಮೊಲಗಳು

ಕಾರವಾರ
ತಾ. ೯-೧೧-೧೯೩೨, ಬುಧವಾರ ಸಂಜೆ

ಪ್ರೀತಿಯ ಅಣ್ಣಾ,

ನಿನ್ನ ಬೆನ್ನುನೋವು ಹೇಗಿದೆ? ಗಂಜಿ-ಮೀನಿನಲ್ಲಿ ಬೆಳೆದ ಅಂಕೋಲೆಯ ಹಲ್ಲಿಗೆ ಜೈಲಿನ ಜೋಳದ ರೊಟ್ಟಿ ಒಗ್ಗಿತೇ? ಇಲ್ಲಿ ನಿನ್ನ ಮಗಳು ಗೋದಾವರಿ, ನಾನು, ವೈಜಯಂತಿ ಮೂವರೂ ಕ್ಷೇಮ. ನನ್ನನ್ನು ಕಟ್ಟಿಕೊಂಡು ಒಂಬತ್ತು ವರ್ಷವಾದ ಮೇಲೂ ವೈಜಯಂತಿ ಕ್ಷೇಮವಾಗಿರುವುದು ಅವಳದೇ ಸಾಧನೆ. ಈ ಪತ್ರವನ್ನು ನಿನಗಿಂತ ಮೊದಲು ಓದುವ ಜೈಲರ ಸಾಹೇಬರಿಗೂ ನನ್ನ ನಮಸ್ಕಾರ. ಕೆಳಗೆ ಮೊಲ ಎಂದು ಬರೆದಲ್ಲೆಲ್ಲ ಮೊಲವೆಂದೇ ಅರ್ಥ; ಕಾಂಗ್ರೆಸ್ಸೆಂದು ತಿಳಿದು ಶಾಯಿ ಬಳಿಯುವ ಶ್ರಮ ಅವರಿಗೆ ಬೇಡ.

ನೀನು ಗೋದಾವರಿಗೆ ತಂದುಕೊಟ್ಟ ಬೊಮ್ಮಿ, ಕಾಮಿ ಎಂಬ ಎರಡು ಬಿಳಿ ಮೊಲಗಳ ವರದಿ ಒಪ್ಪಿಸಬೇಕಾಗಿದೆ. ಅಂಕೋಲೆಯ ಮನೆಯಲ್ಲಿ ಅವುಗಳ ಶಿಸ್ತು ನಿನಗೆ ಗೊತ್ತೇ ಇದೆ. ಚಿಮಣಿ ಎಣ್ಣೆಯ ಡಬ್ಬವನ್ನು ಅಡ್ಡ ಕೊಯ್ದು, ಉಮಿ ಹರವಿ ನೀನು ಮಾಡಿಕೊಟ್ಟ ತಟ್ಟೆಯ ಹೊರಗೆ ಒಂದು ಹನಿ ಉಚ್ಚೆಯನ್ನೂ ಬೀಳಿಸಿದವುಗಳಲ್ಲ. ಕಂದಾಯ ಕೊಡೆನೆಂದ ನಿನ್ನನ್ನು ಪೋಲೀಸರು ಒಯ್ದು, ಮನೆಗೆ ಸರಕಾರದ ಬೀಗ ಬಿದ್ದ ಮೇಲೆ, ತಾಯಿಯಿಲ್ಲದ ಮಗುವಿನ ಜೊತೆ ಅವೂ ನನ್ನ ಬಾಡಿಗೆ ಮನೆಗೆ ಬಂದವಷ್ಟೇ. ನಿನ್ನದು ಕರನಿರಾಕರಣೆಯಾದರೆ ಅವುಗಳದು ತಟ್ಟೆನಿರಾಕರಣೆ. ಒಂದು ಅಕ್ಕಿಮುಡಿಯ ಹಿಂದೆ, ಇನ್ನೊಂದು ನನ್ನ ಬಿ.ಎ. ಪುಸ್ತಕಗಳ ಮೇಲೆ. ಗೂಡಿಗೆ ಹಾಕಿದರೆ ಇರುಳೆಲ್ಲ ಹಲಗೆ ಕಡಿಯುವ ಸದ್ದು; ಹಾಗಾಗಿ ಬಿಟ್ಟೇ ಇಟ್ಟೆವು. ಧಾರವಾಡದಲ್ಲಿ ನಾಲ್ಕು ವರ್ಷ ಸೂತ್ರ ಉರುಹೊಡೆದವನು ಕಾರವಾರದಲ್ಲಿ ಮೂತ್ರದ ವ್ಯಾಸಂಗಕ್ಕೆ ಕುಳಿತೆ.

ಬಣ್ಣವೂ ಬದಲಾಯಿತು. ಮೊದಲು ತಿಳಿ ಹಳದಿಯಿದ್ದದ್ದು ಸುಣ್ಣದ ನೀರಿನಂತೆ ದಪ್ಪಗಾಗಿ, ಒಣಗಿದಲ್ಲಿ ಬಿಳಿ ಕಲೆ ಬಿಡತೊಡಗಿತು. ಒಂದು ದಿನ ಕಡುಕೆಂಪು. ವೈಜಯಂತಿ ರಕ್ತವೆಂದಳು, ಗೋದಾವರಿ ಊಟ ಬಿಟ್ಟಳು. ಕೆಂಪು ಹರಿವೆ ಸೊಪ್ಪು ಹಾಕುವುದನ್ನು ಎರಡು ದಿನ ನಿಲ್ಲಿಸಿ ನೋಡಿದೆ, ಕೆಂಪು ಹೋಯಿತು. "ನಿಮ್ಮ ಬಿ.ಎ. ಕಡೆಗೂ ಒಂದು ಕೆಲಸಕ್ಕೆ ಬಂತು ಕಾಣಿ" ಎಂದಳು ನಿನ್ನ ನಾದಿನಿ.

ಇಷ್ಟನ್ನು ಸಹಿಸಬಹುದಿತ್ತು. ಆದರೆ ನಿನಗೆ ಇನ್ನೂ ಆರು ತಿಂಗಳು ಜೈಲು ಎಂಬ ಸುದ್ದಿ ಬಂದಂದಿನಿಂದ ಗೋದಾವರಿಯ ಚಾಪೆ ದಿನಾ ಬೆಳಿಗ್ಗೆ ಒದ್ದೆ. ಕೇಳಿದರೆ ತಲೆ ತಗ್ಗಿಸಿ "ಬೊಮ್ಮಿ" ಎನ್ನುತ್ತಿದ್ದಳು. ಏಳು ವರ್ಷದ ಹುಡುಗಿ ಒದ್ದೆಯಲ್ಲಿ ಮಲಗಿ ಜ್ವರ ತಂದುಕೊಂಡರೆ ನಿನಗೆ ಏನು ಉತ್ತರ ಹೇಳಲಿ? ಇಂದು ಮಧ್ಯಾಹ್ನ, ನಮಗೆ ಸೊಪ್ಪು ತರುವ ಕದ್ವಾಡದ ಮಾಬ್ಲನಿಗೆ ಎರಡನ್ನೂ ಕೊಟ್ಟುಬಿಟ್ಟೆ. ಅವನ ಹಿತ್ತಲು ದೊಡ್ಡದು, ಹುಲ್ಲು ಧಾರಾಳ. ಬುಟ್ಟಿಯ ಬಾಯಿ ಕಟ್ಟುವಾಗ ಗೋದಾವರಿ "ಕಾಕಾ, ಅವಲ್ಲ..." ಎಂದು ಏನೋ ಹೇಳಹೋದಳು. "ಅವಲ್ಲ, ಅವಲಕ್ಕಿ" ಎಂದು ನಾನು ನಗಿಸಲು ನೋಡಿದೆ. ನಗಲಿಲ್ಲ. ಒಳಗೆ ಹೋಗಿ ತಟ್ಟೆಯನ್ನು ತೊಳೆದು ತಂದು ಮಾಬ್ಲನ ಕೈಗಿಟ್ಟಳು. "ಇದಿಲ್ದಿದ್ರೆ ಅವಕ್ಕೆ ಆಗೂದಿಲ್ಲ" ಎಂದಳು. ಎರಡು ದಿನ ಅಳುತ್ತಾಳೆ, ಆಮೇಲೆ ಮರೆಯುತ್ತಾಳೆ, ಚಾಪೆಯಾದರೂ ಒಣಗೀತು. ನನ್ನ ಮೇಲೆ ಸಿಟ್ಟಾಗಬೇಡ.

ದೇವರು ನಿನ್ನ ಬೆನ್ನಿಗಿರಲಿ, ಬೆನ್ನುನೋವು ಮಾತ್ರ ಬೆನ್ನು ಬಿಡಲಿ. ವೈಜಯಂತಿಯ ನಮಸ್ಕಾರ. ಗೋದಾವರಿ ತನ್ನ ಹೆಸರನ್ನು ತಾನೇ ಕೆಳಗೆ ಬರೆದಿದ್ದಾಳೆ. ದೀರ್ಘ ಬಿಟ್ಟಿದ್ದಾಳೆ, ತಿದ್ದಿಲ್ಲ.

ನಿನ್ನ ತಮ್ಮ,
ಪುಂಡಲೀಕ

ಗೊದಾವರಿ

ತಾ.ಕ.: ಗುರುವಾರ ಬೆಳಿಗ್ಗೆ. ಟಪ್ಪಾಲು ಹೊರಡುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಚಾಪೆ ಇಂದೂ ಒದ್ದೆ. ಇಷ್ಟು ದಿನದ್ದು ಮೊಲದ್ದಾಗಿದ್ದರೆ ಒಣಗಿದ ಮೇಲೆ ಬಿಳಿ ಕಲೆ ಉಳಿಯಬೇಕಿತ್ತು. ಆ ಚಾಪೆಯ ಮೇಲೆ ಒಂದು ದಿನವೂ ಉಳಿದಿರಲಿಲ್ಲ. ನೆಲವನ್ನೆಲ್ಲ ಪರೀಕ್ಷೆ ಮಾಡಿದ ಪಂಡಿತ ಚಾಪೆಯನ್ನು ನೋಡಲಿಲ್ಲ. ಮೊಲಗಳನ್ನು ತಿರುಗಿ ಕೇಳೋಣವೆಂದು ಮಾಬ್ಲನ ದಾರಿ ಕಾಯುತ್ತ ಬಾಗಿಲಲ್ಲಿ ನಿಂತೆ. ಅವನು ಸೊಪ್ಪಿನ ಬುಟ್ಟಿ ಇಳಿಸಿ, "ಸಾರು ಭಾರೀ ಚಲೋ ಆಗಿತ್ತು ಮಾಸ್ತರ್ರೆ, ಮನೆಯವರೆಲ್ಲ ನಿಮ್ಮನ್ನ ನೆನೆಸಿದ್ರು" ಎಂದ. ಅವನದೇನು ತಪ್ಪು? ಮೊಲ ಕೊಟ್ಟವರು ಅಡುಗೆಗೆಂದೇ ಕೊಡುತ್ತಾರೆ ಎಂಬುದು ಅವನ ತಿಳುವಳಿಕೆ. ಸಾಕಿಕೊಳ್ಳೆಂದು ನಾನು ಬಾಯಿಬಿಟ್ಟು ಹೇಳಿರಲಿಲ್ಲ. ಗೋದಾವರಿಗೆ ಇನ್ನೂ ಗೊತ್ತಿಲ್ಲ. ಅವಳ ಹೆಸರಿಗೇ ನಿನ್ನ ಕೈಯಿಂದ ಎರಡು ಸಾಲು ಬರೆ, ಅದರಲ್ಲಿ ಮೊಲದ ಮಾತು ಎತ್ತಬೇಡ. ಈಗಷ್ಟೇ ಹಿತ್ತಲಲ್ಲಿ ಚಾಪೆ ಹರವುತ್ತಿದ್ದೆ. ಹಿಂದೆ ಬಂದು ನಿಂತು, ನಾನು ಕೇಳುವ ಮೊದಲೇ, "ರಾತ್ರೆ ಬೊಮ್ಮಿ ಬಂದಿತ್ತು ಕಾಕಾ" ಎಂದಳು. ಹೌದು, ನಾನೂ ನೋಡಿದೆ ಎಂದೆ.