ಇನ್ನೂ ನಡೆಯುತ್ತಿರುವ ಲೆಕ್ಕ

ಗುರುವಾರ, ಫೆಬ್ರವರಿ ಹನ್ನೊಂದು
ಸಂಜೆ ಆರು ಗಂಟೆ

ಪ್ರೀತಿಯ ಅಕ್ಕನಿಗೆ,

ಬೆಳಿಗ್ಗೆ ಪಕ್ಕದ ಮನೆಯ ಮಕ್ಕಳ ಸಮವಸ್ತ್ರದ ಅಂಚು ಬಿಚ್ಚಿ ಉದ್ದ ಮಾಡಿಕೊಟ್ಟೆ. ಮಧ್ಯಾಹ್ನ ಪುಟ್ಟಿಯ ಸಂಸ್ಥೆಗೆ ಹೋಗಿ ಬಂದೆ. ಬಂದ ಮೇಲೆ ಕೈಕಾಲು ತೊಳೆದು ಸುಮ್ಮನೆ ಕೂತಿದ್ದೆ. ಇವತ್ತು ನಡೆದದ್ದು ಇಷ್ಟೇ.

ನಿನ್ನ ಕಾಗದಗಳೆಲ್ಲ ಬಂದಿವೆ. ಒಂದಕ್ಕೂ ಉತ್ತರ ಬರೆಯಲಿಲ್ಲ, ಫೋನು ಬಂದರೂ ಇವರ ಕೈಗೇ ಕೊಟ್ಟೆ. ನನಗೆ ಹುಷಾರಿಲ್ಲ ಅಂತ ಇವರು ಹೇಳುತ್ತಿದ್ದದ್ದು ಸುಳ್ಳು. ಮೈ ಚೆನ್ನಾಗಿಯೇ ಇದೆ, ಮಾತಾಡಲು ಮಾತ್ರ ಆಗಲಿಲ್ಲ. ಬೇಜಾರು ಮಾಡಿಕೊಳ್ಳಬೇಡ. ನಿನ್ನ ಮಂಡಿನೋವು ಹೇಗಿದೆ? ಸೊಸೆಗೆ ದಿನ ತುಂಬುತ್ತಾ ಬಂತಲ್ಲ, ಬಕೆಟ್ಟು ಗಿಕೆಟ್ಟು ಎತ್ತಲು ಬಿಡಬೇಡ.

ಪುಟ್ಟಿ ಹೋಗಿ ಏಳು ತಿಂಗಳಾಯಿತು. ಅವಳ ಸಾಮಾನು ತರಲು ನಾನು ಮೊದಲ ಸಲ ಆ ಸಂಸ್ಥೆಗೆ ಹೋದದ್ದು ಡಿಸೆಂಬರಿನಲ್ಲಿ. ಉದ್ದನೆಯ ಓಣಿ, ಎರಡೂ ಕಡೆ ಒಂದೇ ಥರದ ಬಾಗಿಲು. ಕೆಳಗಿನ ಮಹಡಿಯಲ್ಲಿ ಭೌತಶಾಸ್ತ್ರದವರು, ಹಿಂದಿನ ಕಟ್ಟಡದಲ್ಲಿ ಇಂಜಿನಿಯರುಗಳು. ಗಣಿತದವರು ಮೇಲಿನ ಮಹಡಿಯಲ್ಲಿ. ಅಲ್ಲಿ ಸದ್ದೇ ಇಲ್ಲ. ಓಣಿಯ ಕೊನೆಯಲ್ಲಿ ಗೋಡೆಗೆ ಒಂದು ಪರದೆ ಹಾಕಿದ್ದಾರೆ. ಎಲ್ಲರಿಗೂ ಸೇರಿದ ದೊಡ್ಡ ಕಂಪ್ಯೂಟರ್ ಒಂದಿದೆಯಂತೆ, ಅದರಲ್ಲಿ ಈಗ ಯಾರ ಕೆಲಸ ನಡೆಯುತ್ತಿದೆ ಅಂತ ಆ ಪರದೆ ತೋರಿಸುತ್ತದೆ. ಅದರಲ್ಲಿ ಪುಟ್ಟಿಯ ಹೆಸರಿತ್ತು. ಪಕ್ಕದಲ್ಲಿ ಹಸಿರು ಚುಕ್ಕೆ. ಮುಂದೆ ‘ನಡೆಯುತ್ತಿದೆ’ ಅಂತ ಇತ್ತು.

ನಾನು ಅಲ್ಲೇ ಬೆಂಚಿನ ಮೇಲೆ ಕೂತೆ. ಇವರು ಪೆಟ್ಟಿಗೆ ಹೊತ್ತುಕೊಂಡು ಮುಂದೆ ಹೋಗಿದ್ದರು. ಹಿಂದಿನ ಕಟ್ಟಡದ ಹುಡುಗಿಯೊಬ್ಬಳು ಬಂದು ಪರದೆ ನೋಡಿ ನಿಟ್ಟುಸಿರು ಬಿಟ್ಟಳು. ಸೇತುವೆಗಳು ಗಾಳಿಗೆ ಹೇಗೆ ಅಲ್ಲಾಡುತ್ತವೆ ಅಂತ ಲೆಕ್ಕ ಹಾಕುವವಳಂತೆ. ಹೊಸಬಳು, ಪಾಪ, ಅವಳಿಗೇನೂ ಗೊತ್ತಿರಲಿಲ್ಲ.

“ಈ ಮೇಡಂ ನಿಮಗೆ ಗೊತ್ತಾ?” ಅಂದಳು.

“ಗೊತ್ತು” ಅಂದೆ.

“ಹಗಲೂ ರಾತ್ರಿ ಒಂದೇ ಸಮ ಕೆಲಸ. ಮನೆಗೇ ಹೋಗಲ್ವೋ ಏನೋ. ಸ್ವಲ್ಪ ನಮಗೂ ಜಾಗ ಬಿಡೋಕೆ ಹೇಳಿ ಆಂಟಿ, ನನ್ನ ಸೇತುವೆ ಅಲ್ಲಾಡೋಕೆ ಪಾಳಿ ಕಾಯ್ತಾ ನಿಂತಿದೆ.”

ಹೇಳ್ತೀನಿ ಅಂದೆ. ಅದು ಸುಳ್ಳು ಹೇಳಿದ ಹಾಗೆ ನನಗೆ ಅನ್ನಿಸಲೇ ಇಲ್ಲ.

ಆಮೇಲೆ ಪುಟ್ಟಿಯ ಪಿಎಚ್‌ಡಿ ಗೈಡು ನನ್ನನ್ನು ಕೋಣೆಗೆ ಕರೆದು ಕೂರಿಸಿದರು. ತೆಳ್ಳಗಿನ ಮನುಷ್ಯ, ಅಂಗಿಯ ಕೈಯೆಲ್ಲ ಸೀಮೆಸುಣ್ಣ. ನೀರು ತಾವೇ ತಂದುಕೊಟ್ಟರು. ಆ ಕೆಲಸ ಪುಟ್ಟಿ ಆಸ್ಪತ್ರೆಗೆ ಸೇರುವ ಹಿಂದಿನ ದಿನ ಶುರು ಮಾಡಿದ್ದಂತೆ, ಇನ್ನೂ ಮುಗಿದಿಲ್ಲವಂತೆ. ಒಬ್ಬರು ಓಡಿಸಿದ ಲೆಕ್ಕವನ್ನು ಇನ್ನೊಬ್ಬರು ನಿಲ್ಲಿಸುವ ಪದ್ಧತಿ ಅಲ್ಲಿಲ್ಲ. ಒಬ್ಬರ ಕಪ್ಪುಹಲಗೆಯನ್ನು ಇನ್ನೊಬ್ಬರು ಒರೆಸುವುದೂ ಇಲ್ಲವಂತೆ. ಓಡಿಸಿದವರೇ ಇಲ್ಲದಿದ್ದರೆ ಗೈಡು ನಿಲ್ಲಿಸಬಹುದು. ಅಷ್ಟು ಹೇಳಿ ಅವರು ತಮ್ಮ ಕೈ ನೋಡಿಕೊಂಡರು. “ನನ್ನ ಕೈ ಏಳ್ತಿಲ್ಲಮ್ಮ” ಅಂದರು.

ನೋಡ್ತೀರಾ ಅಂತ ಕೇಳಿ ಕಂಪ್ಯೂಟರ್ ನನ್ನ ಕಡೆ ತಿರುಗಿಸಿದರು. ನನಗೇನು ತಿಳಿದೀತು, ಬರೀ ಅಂಕಿಗಳಿರುತ್ತವೆ ಅಂದುಕೊಂಡಿದ್ದೆ. ಅಂಕಿಗಳೇನೋ ಇದ್ದವು. ಆದರೆ ಪ್ರತಿ ಸಾಲಿನ ಕೊನೆಗೆ ನಮ್ಮ ಅಕ್ಷರದಲ್ಲಿ, ನಮ್ಮ ಮಾತಿನಲ್ಲಿ ಹೀಗೆ ಬರುತ್ತಿತ್ತು: ‘ಇಲ್ಲೂ ಇಲ್ಲ. ಮುಂದೆ ನೋಡ್ತೀನಿ.’ ಸ್ವಲ್ಪ ಬಿಟ್ಟು ಇನ್ನೊಂದು ಸಾಲು. ‘ಇಲ್ಲೂ ಇಲ್ಲ. ಮುಂದೆ ನೋಡ್ತೀನಿ.’ ಕೆಲವರು ಹೀಗೆ ತಮಗೇ ಅಂತ ಮಾತು ಬರೆದುಕೊಳ್ಳುತ್ತಾರಂತೆ, ಲೆಕ್ಕ ಎಲ್ಲಿಗೆ ಬಂತು ಅಂತ ತಿಳಿಯಲು. ಒಂದು ಸಾಲಿಗೂ ಇನ್ನೊಂದಕ್ಕೂ ನಡುವೆ ಒಂದು ಉಸಿರಿನಷ್ಟು ಹೊತ್ತು. ಸಾಲು ಬರುವುದು ತಡವಾದರೆ ನನ್ನ ಎದೆ ಹಿಡಿದುಕೊಳ್ಳುತ್ತಿತ್ತು. ಬಂದ ಕೂಡಲೇ ಸಡಿಲವಾಗುತ್ತಿತ್ತು.

ಅವಳು ಹುಡುಕುತ್ತಿದ್ದದ್ದು ಏನು ಅಂತ ಕೇಳಿದೆ. ಅವರು ಬೋರ್ಡಿನ ಮೇಲೆ ಒಂದಷ್ಟು ಚುಕ್ಕೆ ಇಟ್ಟು, ಚುಕ್ಕೆಯಿಂದ ಚುಕ್ಕೆಗೆ ಬಾಣ ಎಳೆದರು. ಚುಕ್ಕೆ ಅಂದರೆ ಜಾಗ, ಬಾಣ ಅಂದರೆ ದಾರಿ. ಒಂದು ದಾರಿ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಹೊರಡುವ ದಾರಿಯನ್ನು ಮಾತ್ರ ಅದಕ್ಕೆ ಜೋಡಿಸಬಹುದು. ಹೋದ ಪ್ರತಿಯೊಂದು ದಾರಿಗೂ ವಾಪಸು ಬರುವ ದಾರಿ ಇರಲೇಬೇಕು. ಇದಕ್ಕೆ ಗ್ರೂಪಾಯ್ಡ್ ಅಂತ ಹೆಸರಂತೆ. ಆ ಬಾಣಗಳ ಮೇಲೆ ಕೂಡುವ, ಗುಣಿಸುವ ಒಂದು ಬೀಜಗಣಿತ ಕಟ್ಟುತ್ತಾರೆ. ಒಂದೇ ವಿನ್ಯಾಸ ಎಂದೂ ಮರುಕಳಿಸದ ಹರಳುಗಳಿವೆಯಂತೆ, ಕೆಳಗಿನ ಮಹಡಿಯವರಿಗೆ ಅವುಗಳನ್ನು ತಿಳಿಯಲು ಅದು ಬೇಕು.

“ಪ್ರತಿ ದಾರಿಗೂ ವಾಪಸು ಬರೋ ದಾರಿ ಇರುತ್ತಾ ಸಾರ್?” ಅಂದೆ.

ಅವರು ಬೋರ್ಡಿನ ಮೇಲೆ ಬೆರಳಿಟ್ಟರು. “ಇದರೊಳಗೆ ಇರುತ್ತಮ್ಮ” ಅಂದರು.

ಒಂದು ಜಾಗದಿಂದ ಹೊರಟು, ಹೋದ ದಾರಿಯಲ್ಲೇ ಹಿಂತಿರುಗದೆ, ನಿಜವಾಗಿ ಸುತ್ತಾಡಿ, ಹೊರಟಲ್ಲಿಗೇ ಬಂದು ಸೇರುವ ದಾರಿ ಇದೆಯೇ ಅಂತ ಪುಟ್ಟಿ ಹುಡುಕುತ್ತಿದ್ದಳು. ಇರಬಾರದು ಅಂತ ಅವಳ ನಂಬಿಕೆ. ಇಲ್ಲ ಅಂತ ಆದರೆ ಅವಳ ಪ್ರಬಂಧ ಗೆದ್ದ ಹಾಗೆ.

ಅವತ್ತಿನಿಂದ ನಾನು ವಾರಕ್ಕೆರಡು ಸಲ ಹೋಗಿ ಕೂರುತ್ತಿದ್ದೆ. ಯಾರೂ ಯಾಕೆ ಅಂತ ಕೇಳಲಿಲ್ಲ. ಕಂಪ್ಯೂಟರ್ ಕೋಣೆ ನೋಡಿಕೊಳ್ಳುವವನು ಒಮ್ಮೆ ಒಳಗೂ ಕರೆದುಕೊಂಡು ಹೋದ. ಹಲ್ಲು ಕಟಕಟಿಸುವಷ್ಟು ಚಳಿ, ಕಿವಿ ಗುಂಯ್‌ಗುಡುವ ಸದ್ದು. ಸಾಲಾಗಿ ಕಪ್ಪು ಬೀರುಗಳು. “ಮೇಡಮ್ಮೋರ ಕೆಲಸ ಈ ಗೂಡಲ್ಲಿ” ಅಂತ ಒಂದರ ಹಿಂಭಾಗ ತೋರಿಸಿದ. ಕೈ ಇಟ್ಟೆ. ಬೆಚ್ಚಗಿನ ಗಾಳಿ ಬರುತ್ತಿತ್ತು ಅಕ್ಕ. ಜ್ವರ ಬಂದ ಮಗುವಿನ ಮುಖದ ಹತ್ತಿರ ಕೈ ಇಟ್ಟ ಹಾಗೆ. ಪಕ್ಕದ ಗೂಡಿಗೂ ಇಟ್ಟು ನೋಡಿದೆ, ಅದೂ ಬೆಚ್ಚಗೇ ಇತ್ತು. ಆದರೂ ಕೈ ತಾನಾಗಿ ಮೊದಲಿನದಕ್ಕೇ ಹೋಯಿತು.

ಒಂದು ಸಂಜೆ ಮನೆಯಲ್ಲಿ ಕತ್ತರಿ ಕಾಣಲಿಲ್ಲ. ಮೇಜಿನ ಕೆಳಗೆ, ಬಟ್ಟೆಯ ಗಂಟಿನಲ್ಲಿ ಹುಡುಕುತ್ತಿದ್ದೆ. ಒಳಗಿನ ಕೋಣೆಯಿಂದ ಇವರು ಬಿರಬಿರನೆ ಬಂದು ಬಾಗಿಲಲ್ಲಿ ನಿಂತರು. ಮುಖ ಬಿಳಿಚಿಕೊಂಡಿತ್ತು. “ಈಗ ಯಾರು ಮಾತಾಡಿದ್ದು? ಪುಟ್ಟಿ ಅಂದ ಹಾಗೆ ಕೇಳಿಸ್ತು” ಅಂದರು. ನಾನೇ ಅಂದೆ. ಇಲ್ಲೂ ಇಲ್ಲ, ಮುಂದೆ ನೋಡ್ತೀನಿ ಅಂತ ನನಗೆ ಗೊತ್ತಿಲ್ಲದೆ ಬಾಯಲ್ಲಿ ಬಂದಿತ್ತು. ಅಲ್ಲಿಂದ ಕಲಿತು ಬಂದೆ ಅಂದುಕೊಂಡೆ. ಇವರು ತಲೆ ಅಲ್ಲಾಡಿಸಿದರು. “ಅದು ನಿನ್ನ ಮಾತೇ. ಅವಳು ಹುಟ್ಟೋಕೆ ಮುಂಚೆಯಿಂದ ನೀನು ಹೀಗೇ ಹೇಳ್ಕೊಂಡು ಹುಡುಕೋದು. ಅವಳು ನಿನ್ನಿಂದ ಕಲಿತದ್ದು.” ನನಗದು ಗೊತ್ತೇ ಇರಲಿಲ್ಲ. ಏಳು ತಿಂಗಳಿಂದ ಆ ಚಳಿ ಕೋಣೆಯಲ್ಲಿ ನನ್ನ ಮಾತನ್ನು ಹೇಳಿಕೊಂಡು ಏನೋ ಓಡಾಡುತ್ತಿದೆ ಅಂತ ನೆನೆದು ಆ ದಿನ ನನಗೆ ಊಟ ಸೇರಲಿಲ್ಲ.

ಹೋದ ವಾರದಿಂದ ಸಾಲು ಬದಲಾಯಿತು. ‘ಇಲ್ಲಿಗೆ ಮೊದಲೇ ಬಂದಿದ್ದೆ. ಆದ್ರೂ ನೋಡ್ತೀನಿ.’ ಅದೇ, ಮತ್ತೆ ಮತ್ತೆ. ಗೈಡು ಪುಟ್ಟಿಯ ಬರಹ ತೆಗೆದು ಮೊದಲಿಂದ ಓದಿದರು. ಇವತ್ತು ಅದನ್ನು ಹೇಳಲು ನನ್ನನ್ನು ಕರೆಸಿದ್ದು.

ಪ್ರತಿ ಜಾಗಕ್ಕೂ ಒಂದು ವಿಶೇಷ ಬಾಣ ಇದೆಯಂತೆ, ಎಲ್ಲಿಗೂ ಹೋಗದೆ ಅಲ್ಲೇ ಇರುವ ಬಾಣ. ಸುಮ್ಮನೆ ನಿಲ್ಲುವುದೂ ಅವರ ಪಾಲಿಗೆ ಒಂದು ದಾರಿಯೇ. ಕಾಗದದ ಮೇಲೆ ಬರೆಯುವಾಗ ಅದನ್ನು ಯಾರೂ ಹೆಜ್ಜೆ ಅಂತ ಹಿಡಿಯುವುದಿಲ್ಲ, ಯೋಚಿಸದೆಯೇ ಬಿಟ್ಟುಬಿಡುತ್ತಾರೆ. ಯಂತ್ರಕ್ಕೆ ಮಾತ್ರ ಬಿಡು ಅಂತ ಹೇಳಬೇಕು. ಪುಟ್ಟಿ ಹೇಳಿರಲಿಲ್ಲ. ಹೋಗಬೇಕಾದ ದಾರಿಗಳೆಲ್ಲ ಮುಗಿದ ಮೇಲೆ, ಅದು ಒಂದು ಕಡೆ ನಿಂತು, ಮತ್ತೆ ನಿಂತು, ನಿಂತದ್ದನ್ನೇ ಹೊಸ ದಾರಿ ಅಂತ ಲೆಕ್ಕಕ್ಕೆ ಹಿಡಿಯುತ್ತಿದೆ.

“ಇಂಥ ತಪ್ಪು ನಮ್ಮಂಥವರೇ ಮಾಡೋದಮ್ಮ” ಅಂದರು. “ನಿಲ್ಲೋದು ನಮಗೆ ಅಷ್ಟು ಅಭ್ಯಾಸ ಆಗಿಹೋಗಿರುತ್ತೆ.”

ಅವಳು ಹುಡುಕಬೇಕಾದದ್ದು ಮುಗಿಯಿತಾ ಅಂತ ಕೇಳಿದೆ. ಅವಳು ಆರಿಸಿಕೊಂಡ ಜಾಗಗಳಲ್ಲಿ ಮುಗಿದಿದೆ, ಅಂಥ ದಾರಿ ಇಲ್ಲ, ಅವಳು ಹೇಳಿದ್ದೇ ಸರಿ ಅಂದರು. ಇನ್ನು ಬಿಟ್ಟರೆ ಇದು ಎಂದೆಂದಿಗೂ ಹೀಗೇ ನಡೆಯುತ್ತದೆ, ಏನೂ ಸಿಗದೆ. ನಿಲ್ಲಿಸಲೋ ಬೇಡವೋ ನೀವು ಹೇಳಿ ಅಂದರು. ಬೇಡ ಅಂದರೆ ಯಾರು ಎಷ್ಟು ಬೈದರೂ ಬಿಟ್ಟಿರುತ್ತೇನೆ ಅಂತಲೂ ಅಂದರು. ಆ ಮನುಷ್ಯ ಮಾತಿಗೆ ತಪ್ಪುವವರಲ್ಲ. ನಾನು ಒಂದು ಬೇಡ ಅಂದಿದ್ದರೆ ಸಾಕಿತ್ತು, ಪುಟ್ಟಿಯ ಹೆಸರಿನ ಮುಂದೆ ಆ ಹಸಿರು ಚುಕ್ಕೆ ನಾನು ಸಾಯುವ ತನಕ ಇರುತ್ತಿತ್ತು.

ಪರದೆ ನೋಡುತ್ತಾ ಕೂತೆ. ‘ಇಲ್ಲಿಗೆ ಮೊದಲೇ ಬಂದಿದ್ದೆ. ಆದ್ರೂ ನೋಡ್ತೀನಿ.’ ಆಯಾಸವೇ ಇಲ್ಲದ ಮಾತು. ಪುಟ್ಟಿ ಯಾವತ್ತೂ ಹಾಗೆ ಮಾತಾಡಿದವಳಲ್ಲ, ಮೂರನೇ ಸಲಕ್ಕೆ ಸಾಕಮ್ಮ ಅನ್ನುತ್ತಿದ್ದಳು. ಇದು ಸಾಕು ಅನ್ನುವುದೇ ಇಲ್ಲ.

“ನಿಲ್ಲಿಸಿ” ಅಂದೆ.

ಅವರು ಎದ್ದು ಬಂದು ನನ್ನ ಕುರ್ಚಿಯ ಬೆನ್ನಿಗೆ ಕೈ ಇಟ್ಟರು. “ನೀವು ಮನೆಗೆ ಹೋಗಿ ಸುಧಾರಿಸ್ಕೊಳ್ಳಿ. ಒಂದು ಕೀಲಿ ಒತ್ತೋದು ಅಷ್ಟೇ, ನಾನು ನೋಡ್ಕೋತೀನಿ.”

ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ನಾನು ಮೇಜಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡೆ. “ಇಲ್ಲ ಸಾರ್. ನಾನು ಇಲ್ಲೇ ಇರಬೇಕು. ನಾನೇ ಒತ್ತಬೇಕು” ಅಂದೆ. ದನಿ ಜೋರಾಯಿತೋ ಏನೋ, ಓಣಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಇವತ್ತು ಬೇಡ, ಅವಳ ಅಪ್ಪನೂ ಬರಲಿ ಅಂತ ಹೇಳಿ ಬಂದೆ.

ಮನೆಗೆ ಬಂದು ಇವರಿಗೆ ಹೇಳಿದೆ. ನಾನು ದೂರ ನಿಂತಿರುತ್ತೇನೆ, ನೀನು ಕರೆದರೆ ಬರುತ್ತೇನೆ ಅಂದರು. ಈಗ ಹೊರಗೆ ಜಗುಲಿಯಲ್ಲಿ ಕೂತಿದ್ದಾರೆ.

ನಿನ್ನ ಸೊಸೆಗೆ ಸುಖವಾಗಿ ಹೆರಿಗೆಯಾಗಲಿ. ಹುಟ್ಟುವ ಕೂಸಿಗೆ ಈ ಚಿಕ್ಕಜ್ಜಿಯ ಆಶೀರ್ವಾದ ಈಗಲೇ ಇರಲಿ, ನೂರು ವರ್ಷ ಬಾಳಲಿ. ಮಂಡಿಗೆ ಎಣ್ಣೆ ಹಚ್ಚುವುದು ಬಿಡಬೇಡ. ನಿನ್ನ ಕಾಲಿಗೆ ನಮಸ್ಕಾರ.

ನಿನ್ನ ತಂಗಿ

ಇಷ್ಟು ಬರೆದು ಮಡಿಸಿದ್ದೆ, ಮತ್ತೆ ಬಿಚ್ಚಿದೆ. ಆ ದಿನ ಆಸ್ಪತ್ರೆಯಲ್ಲಿ ನೀನು ನನ್ನ ಬೆನ್ನು ಸವರಿ, ಮನೆಗೆ ಹೋಗಿ ಸ್ನಾನ ಮಾಡಿ ಬಾ, ನಾವಿದ್ದೀವಲ್ಲ ಅಂದೆ. ನಾನು ಹೋದೆ. ತಲೆಗೂ ನೀರು ಹಾಕಿಕೊಂಡೆ. ತಿರುಗಿ ಬಂದಾಗ ನರ್ಸು ಉಸಿರಾಟದ ಯಂತ್ರದ ಕೊಳವೆ ಸುತ್ತಿಡುತ್ತಿದ್ದಳು. ಉಸಿರು ತಾನಾಗಿಯೇ ನಿಂತಿತು ಅಂತ ನೀನು ಹೇಳಿದೆ. ಇವರು ತಿಂಗಳು ಕಳೆಯುವ ಮೊದಲೇ ನನ್ನ ಹತ್ತಿರ ಎಲ್ಲ ಹೇಳಿಬಿಟ್ಟರು. ಯಂತ್ರ ನಿಲ್ಲಿಸೋಣವಾ ಅಂತ ಡಾಕ್ಟರು ಕೇಳಿದಾಗ ನೀವಿಬ್ಬರೂ ಹೂಂ ಅಂದಿರಿ, ನಾನು ತಡೆದುಕೊಳ್ಳಲಾರೆ ಅಂತ ನನ್ನನ್ನು ಕಳಿಸಿದಿರಿ. ನಿಲ್ಲಿಸಿದ್ದಕ್ಕೆ ನನಗೆ ಕೋಪವಿಲ್ಲ. ಕೇಳಿದ್ದರೆ ನಾನೂ ಹೂಂ ಅನ್ನುತ್ತಿದ್ದೆ, ಅವಳ ಕೈ ಹಿಡಿದುಕೊಂಡು ಹೂಂ ಅನ್ನುತ್ತಿದ್ದೆ. ನನ್ನ ಕೂದಲು ಇನ್ನೂ ಒದ್ದೆಯಾಗಿತ್ತು, ಅಕ್ಕ.

ನಾಳೆ ಹನ್ನೊಂದು ಗಂಟೆಗೆ ಹೋಗುತ್ತೇವೆ.